ದುಡಿಮೆಗೆ ಮುಂಚಿನ ಗುಳಿಗೆ

ನೋವಿನ ಗುಳಿಗೆಯನ್ನು ಯಾರು ನುಂಗುತ್ತಾರೆ ಎನ್ನುವುದಕ್ಕಿಂತ ಯಾವ ಹೊತ್ತಿಗೆ ನುಂಗುತ್ತಾರೆ ಎನ್ನುವುದನ್ನು ಗಮನಿಸಬೇಕು. ದಿನವಿಡೀ ಚೀಲ ಹೊತ್ತು, ರಾತ್ರಿ ನಡ ಹಿಡಿದುಕೊಂಡಾಗ ಒಂದು ಗುಳಿಗೆ ತೆಗೆದುಕೊಂಡು ಮಲಗುವ ಹಮಾಲನ ಬಗ್ಗೆ ಇಲ್ಲಿ ನಮಗೆ ಅಷ್ಟು ಚಿಂತೆಯಿಲ್ಲ. ನಸುಕಿನಲ್ಲಿ, ಚಹಾದ ಜೊತೆಗೆ, ನೋವು ಶುರುವಾಗುವ ಮೊದಲೇ ಗುಳಿಗೆ ನುಂಗಿ ಟ್ರ್ಯಾಕ್ಟರ್ ಹತ್ತುವ ಇಪ್ಪತ್ತೆರಡರ ಹುಡುಗನ ಬಗ್ಗೆ ಚಿಂತೆಯಿದೆ. ಮೊದಲನೆಯವನು ನೋವಿಗೆ ಮದ್ದು ತೆಗೆದುಕೊಂಡಿದ್ದಾನೆ. ಎರಡನೆಯವನಿಗೆ ಗುಳಿಗೆಯು ಕುಡುಗೋಲು, ಹಗ್ಗ, ನೀರಿನ ಕ್ಯಾನಿನ ಹಾಗೆ ಕೆಲಸದ ಸಾಮಾನಾಗಿದೆ. ಔಷಧ ಸಾಮಾನಾದ ದಿನವೇ ಅಪಾಯ ಹುಟ್ಟುತ್ತದೆ. ಅದು ಎಲ್ಲರ ಕಣ್ಣಿಗೂ ಕಾಣುವಷ್ಟು ಬೆಳೆಯಲು ಕೆಲವು ಹಂಗಾಮುಗಳು ಬೇಕಾಗಬಹುದು. ಆದರೆ ಆ ಹೊತ್ತಿಗೆ ಅದನ್ನು ಹಿಂದಕ್ಕೆ ತಳ್ಳುವುದು ಯಾರ ಕೈಯಲ್ಲೂ ಇರುವುದಿಲ್ಲ.

ವಿಜಯಪುರ ಜಿಲ್ಲೆಯ ನಮ್ಮ ಮನಗೂಳಿ ದುಡಿಯುವವರು ಹಾದುಹೋಗುವ ಊರು. ವಿಜಯಪುರದಿಂದ ಹೊಸಪೇಟೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಇಲ್ಲೇ ಹಾಯುತ್ತದೆ. ತಾಳಿಕೋಟೆಯ ಮೇಲೆ ದೇವಾಪುರಕ್ಕೆ ಹೋಗುವ ರಾಜ್ಯ ಹೆದ್ದಾರಿ ಇಲ್ಲಿಂದಲೇ ಹೊರಡುತ್ತದೆ. ಹಂಗಾಮು ಬಂತೆಂದರೆ ಇಂಡಿ ತಾಲ್ಲೂಕಿನ ಮರಗೂರ, ಸಿಂದಗಿ ಕಡೆಯ ಮಲಘಾಣ, ಆಲಮೇಲ, ಮುದ್ದೇಬಿಹಾಳ ತಾಲ್ಲೂಕಿನ ಯರಗಲ್ಲ ಕಾರ್ಖಾನೆಗಳತ್ತ ಕಬ್ಬಿನ ಟ್ರ್ಯಾಕ್ಟರುಗಳು ಹಗಲೂ ರಾತ್ರಿ ಓಡುತ್ತವೆ. ದ್ರಾಕ್ಷಿ ಪಡದಲ್ಲಿ ದಿನವಿಡೀ ಕೈ ಮೇಲೆತ್ತಿಕೊಂಡೇ ಗೊನೆ ಸವರುವ ಹೆಣ್ಣುಮಕ್ಕಳು, ಇಂಡಿಯ ಲಿಂಬೆ ಮಾರುಕಟ್ಟೆಯಲ್ಲಿ ಚೀಲ ಎತ್ತುವವರು, ತಾಳಿಕೋಟೆ ಕಡೆ ಹಾಸುಗಲ್ಲು ಸೀಳುವವರು, ಮಳೆ ಕೈಕೊಟ್ಟ ವರ್ಷ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗಿ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ ಹಿಡಿಯುವವರು: ಇವರೆಲ್ಲರಿಗೂ ಇರುವ ಬಂಡವಾಳ ಒಂದೇ, ಮೈ. ಮೈ ಏಳದ ದಿನ ಪಗಾರವಿಲ್ಲ. 2023ರ ಡಿಸೆಂಬರಿನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಲುಕಿ ಬಿಹಾರದ ಕೂಲಿಕಾರರು ಸತ್ತಾಗ ನಾಡೆಲ್ಲ ಮರುಗಿತು. ಅಂಥದೇ ಗೋದಾಮುಗಳಲ್ಲಿ ದಿನವೂ ಒಂದೊಂದು ಎಳೆ ಸವೆಯುವ ಬೆನ್ನುಮೂಳೆ ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ. ಗುಳಿಗೆಯ ದಾರಿ ಶುರುವಾಗುವುದು ಆ ಬೆನ್ನಿನಿಂದ.

ಇಂದು ನಮ್ಮ ಕಡೆ ಕೂಲಿಕಾರರ ಕಿಸೆಯಲ್ಲಿರುವ ಗುಳಿಗೆ ಬಹುಪಾಲು ಡೈಕ್ಲೊಫೆನಾಕ್ ಇಲ್ಲವೇ ಅಸೆಕ್ಲೊಫೆನಾಕ್. ಹಳ್ಳಿಯಲ್ಲಿ 'ಒಂದು ಸೂಜಿ ಮಾಡ್ರಿ' ಎಂದರೆ ಸಿಗುವುದೂ ಹೆಚ್ಚಾಗಿ ಅದೇ, ಜೊತೆಗೆ ಒಮ್ಮೊಮ್ಮೆ ಸ್ಟೀರಾಯ್ಡ್. ಇವು ಅಫೀಮಿನ ಜಾತಿಯವಲ್ಲ. ವರ್ಷಗಟ್ಟಲೆ ತಿಂದರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಆದರೆ ಉಸಿರು ನಿಲ್ಲಿಸುವುದಿಲ್ಲ. ನಮ್ಮ ಆತಂಕ ಇದರ ಮುಂದಿನ ಮೆಟ್ಟಿಲಿನದು. ಒಂದು ಗುಳಿಗೆಗೆ ಬಗ್ಗದ ನೋವಿಗೆ ಎರಡು ಬೇಕಾಗುತ್ತವೆ. ಎರಡಕ್ಕೂ ಬಗ್ಗದಿದ್ದಾಗ 'ಸ್ವಲ್ಪ ಜೋರಿಂದು ಕೊಡ್ರಿ ಅಣ್ಣಾರ' ಎಂಬ ಮಾತು ಬರುತ್ತದೆ. ಆ ಜೋರಿನ ಗುಳಿಗೆ ಟ್ರಮಡಾಲ್ ಆಗಿರಬಹುದು, ಟ್ಯಾಪೆಂಟಡಾಲ್ ಆಗಿರಬಹುದು. ಇವೆರಡೂ ಓಪಿಯಾಯ್ಡ್‌ಗಳು. ಪ್ರಯೋಗಾಲಯದಲ್ಲಿ ತಯಾರಾದರೂ ಮಿದುಳಿನಲ್ಲಿ ಇವು ಹೋಗಿ ಕೂರುವ ಜಾಗ ಅಫೀಮು, ಮಾರ್ಫಿನ್, ಹೆರಾಯಿನ್ ಕೂರುವ ಜಾಗವೇ. ನೋವನ್ನು ಅದುಮುವ ಆ ಜಾಗಕ್ಕೂ ನಿದ್ದೆಯಲ್ಲಿ ನಮ್ಮನ್ನು ಉಸಿರಾಡಿಸುವ ಮಿದುಳಿನ ಭಾಗಕ್ಕೂ ನಂಟಿದೆ. ಪ್ರಮಾಣ ಮಿತಿ ಮೀರಿದಾಗ, ಅಥವಾ ಮೇಲೆ ಮದ್ಯ ಬಿದ್ದಾಗ, ಮಲಗಿದವನ ಉಸಿರು ನಿಧಾನವಾಗುತ್ತ ಹೋಗಿ ನಿಂತುಬಿಡಬಹುದು. ಟ್ರಮಡಾಲ್ ಹೆಚ್ಚಾದರೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಕಣ್ಣಳತೆಯಲ್ಲಿ ಇವು ಉಪಯುಕ್ತ ಔಷಧಗಳೇ. ಆ ಕಣ್ಣಳತೆ ಇಲ್ಲದ ಕಡೆ ಮಾತ್ರ ಇವುಗಳ ದಾರಿ ಬೇರೆ.

ಔಷಧ ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಒಂದು ಸಣ್ಣ ಕ್ರಿಯೆಯನ್ನು ನೋಡಿ. ಹತ್ತು ಗುಳಿಗೆಯ ಪಟ್ಟಿಯನ್ನು ಕೂಲಿಕಾರ ಇಡಿಯಾಗಿ ಕೊಳ್ಳುವುದು ಕಡಿಮೆ. ಎರಡು ಇಲ್ಲವೇ ನಾಲ್ಕು ಕೇಳುತ್ತಾನೆ. ಅಂಗಡಿಯವನು ಕತ್ತರಿ ಹಿಡಿದು ಅಷ್ಟನ್ನು ಕತ್ತರಿಸಿ ಕೊಡುತ್ತಾನೆ. ಔಷಧದ ಹೆಸರು, ಅವಧಿ, ಎಚ್ಚರಿಕೆಯ ಕೆಂಪು ಅಕ್ಷರ ಇರುವ ತುಂಡು ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಕೊಂಡವನ ಅಂಗೈಗೆ ಬರುವುದು ಬರೀ ಬೆಳ್ಳಿ ಹಾಳೆ, ಅದರೊಳಗೆ ಹೆಸರಿಲ್ಲದ ಎರಡು ಗುಳಿಗೆ. ಅವನು ನೆನಪಿಟ್ಟುಕೊಳ್ಳುವುದು ಬಣ್ಣವನ್ನು. ಮುಂದಿನ ಊರಿನಲ್ಲಿ, ಮುಂದಿನ ಗದ್ದೆಯಲ್ಲಿ ಬಣ್ಣ ಹೇಳಿಯೇ ಕೇಳುತ್ತಾನೆ. ಟ್ರಮಡಾಲ್‌ನಂಥ ಔಷಧಗಳನ್ನು 2014ರಿಂದಲೇ ಎಚ್1 ಅನುಸೂಚಿಯಡಿ ಇಡಲಾಗಿದೆ. ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇಷ್ಟನ್ನೂ ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಕಾನೂನು ಇಷ್ಟು ಸ್ಪಷ್ಟವಾಗಿದೆ. ಆದರೆ ಕತ್ತರಿ ಆಡಿದ ಕಡೆ ವಹಿ ತೆರೆಯಿತೋ ಇಲ್ಲವೋ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ಕೊಳ್ಳುವವನಿಗೆ ಅವಸರ, ಮಾರುವವನಿಗೆ ಗಿರಾಕಿ, ಉಳಿದವರಿಗೆ ಅದು ತಮ್ಮ ಕೆಲಸವಲ್ಲ.

ಇದು ಹುಡುಗರ ಚಟದ ಮಾತು, ದುಡಿಮೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಆರೋಗ್ಯ ಇಲಾಖೆ 2018ರಲ್ಲಿ ಉತ್ತರ ಕೊಟ್ಟಿದೆ. 2011ರಿಂದ 2015ರವರೆಗೆ ಆ ರಾಜ್ಯದಲ್ಲಿ ಓಪಿಯಾಯ್ಡ್ ಮಿತಿಮೀರಿ ಸತ್ತ ದುಡಿಯುವವರ ಮರಣಪತ್ರಗಳನ್ನು ವೃತ್ತಿವಾರು ಬಿಡಿಸಿ ನೋಡಿದಾಗ, ಎಲ್ಲ ವೃತ್ತಿಗಳ ಸರಾಸರಿ ಲಕ್ಷಕ್ಕೆ 25 ಸಾವು. ಕಟ್ಟಡ ಮತ್ತು ಗಣಿ ಕೆಲಸದವರಲ್ಲಿ 150, ಅಂದರೆ ಆರು ಪಟ್ಟು. ಅವರ ಬೆನ್ನಿಗೇ ಇದ್ದವರು ಬೇಸಾಯ, ಮೀನುಗಾರಿಕೆ ಮತ್ತು ಅರಣ್ಯದ ಕೆಲಸಗಾರರು. ಆಮೇಲೆ 46 ರಾಜ್ಯಗಳ 2020ರ ಲೆಕ್ಕ ತೆಗೆದಾಗಲೂ, ಎಲ್ಲ ಬಗೆಯ ಮಾದಕ ವಸ್ತುಗಳಿಂದ ಆದ ಇಂಥ ಸಾವಿನಲ್ಲಿ ಕಟ್ಟಡ ಕೆಲಸದವರೇ ಮೊದಲ ಸಾಲಿನಲ್ಲಿದ್ದರು. ಮಸಾಚುಸೆಟ್ಸ್ ವರದಿಯ ಇನ್ನೊಂದು ಸಂಗತಿಯನ್ನು ನಮ್ಮ ಕಾರ್ಖಾನೆಗಳ ಆಡಳಿತ ಮಂಡಳಿಗಳು ಗೋಡೆಗೆ ಬರೆದಿಡಬೇಕು. ಗಾಯದ ಪ್ರಮಾಣ ಎಲ್ಲಿ ಹೆಚ್ಚೋ, ಕಾಯಿಲೆ ಬಿದ್ದಾಗ ಸಂಬಳದ ರಜೆ ಎಲ್ಲಿ ಕಡಿಮೆಯೋ, ನಾಳೆ ಕೆಲಸ ಇರುತ್ತದೆಂಬ ಭರವಸೆ ಎಲ್ಲಿ ಕಡಿಮೆಯೋ, ಅಂಥ ವೃತ್ತಿಗಳಲ್ಲೇ ಸಾವು ಹೆಚ್ಚಿತ್ತು. ಮನುಷ್ಯನ ನಡತೆಗಿಂತ ಅವನು ಮಾಡುವ ಕೆಲಸದ ಕರಾರು ಇಲ್ಲಿ ಹೆಚ್ಚು ಮಾತಾಡುತ್ತದೆ.

ಆ ಮೂರೂ ಲಕ್ಷಣಗಳನ್ನು ಕಬ್ಬಿನ ಗದ್ದೆಯಲ್ಲಿ ಹುಡುಕಬೇಕಾಗಿಲ್ಲ. ಗ್ಯಾಂಗಿನ ಮುಕಾದಮ, ಅಂದರೆ ಮೇಸ್ತ್ರಿ, ಮುಂಗಡ ಕೊಟ್ಟಿರುತ್ತಾನೆ. ಅದು ಮನೆಯ ಸಾಲಕ್ಕೋ ಮದುವೆಗೋ ಆಗಲೇ ಕರಗಿರುತ್ತದೆ. ಟನ್ನಿನ ಲೆಕ್ಕದ ಕೂಲಿ. ಗಂಡ ಹೆಂಡತಿ ಜೋಡಿಯಾಗಿ ಒಂದು ಲೆಕ್ಕ. ಒಬ್ಬರು ಮಲಗಿದರೆ ಇಬ್ಬರ ದುಡಿಮೆಯೂ ನಿಲ್ಲುತ್ತದೆ, ಗ್ಯಾಂಗಿಗೂ ಅದು ಹೊರೆ. ಇಂಥ ಕರಾರು ಮೈಯನ್ನು ಏನು ಮಾಡಬಲ್ಲದು ಎಂಬುದನ್ನು ಮಹಾರಾಷ್ಟ್ರದ ಬೀಡ ಜಿಲ್ಲೆ 2019ರಲ್ಲಿ ತೋರಿಸಿತು. ಮುಟ್ಟಿನ ನೋವಿಗೆ ದಿನ ಹೋಗಬಾರದೆಂದು ಕಬ್ಬು ಕಡಿಯುವ ಎಳೆಯ ವಯಸ್ಸಿನ ಹೆಣ್ಣುಮಕ್ಕಳು ಗರ್ಭಕೋಶವನ್ನೇ ತೆಗೆಸಿಕೊಂಡ ಸುದ್ದಿ ಬಂದು, ಅಲ್ಲಿನ ಸರ್ಕಾರ ಸಮಿತಿ ನೇಮಿಸಬೇಕಾಯಿತು. ಅಂಗವನ್ನೇ ಕೊಟ್ಟು ದಿನಗೂಲಿ ಉಳಿಸಿಕೊಂಡವರ ನಡುವೆ ಒಂದು ಗುಳಿಗೆ ಯಾರ ಗಮನಕ್ಕೆ ಬಂದೀತು?

ಆಫ್ರಿಕಾದ ಕ್ಯಾಮರೂನ್ ದೇಶದ ಒಂದು ಸಂಗತಿ ಎತ್ತು ಕಟ್ಟಿ ಬಾಳುವ ನಮ್ಮಂಥವರಿಗೆ ಬೇಗ ಅರ್ಥವಾಗುತ್ತದೆ. 2013ರಲ್ಲಿ ಆ ದೇಶದ ಉತ್ತರ ಭಾಗದ ಒಂದು ಮರದ ಬೇರಿನಲ್ಲಿ ಟ್ರಮಡಾಲ್ ಸಿಕ್ಕಿತು. ಪ್ರಕೃತಿಯೇ ಈ ಔಷಧವನ್ನು ತಯಾರಿಸುತ್ತಿದೆ ಎಂದು ವಿಜ್ಞಾನಿಗಳು ಬೆರಗಾದರು. ಮರುವರ್ಷ ಜರ್ಮನಿಯ ಡಾರ್ಟ್‌ಮಂಡ್ ವಿಶ್ವವಿದ್ಯಾಲಯದ ತಂಡ ಮಣ್ಣು, ನೀರು, ಬೇರುಗಳನ್ನು ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ಸುಡುಬಿಸಿಲಿನಲ್ಲಿ ದಣಿಯದೆ ಗೇಯಲೆಂದು ರೈತರು ತಾವೂ ಗುಳಿಗೆ ನುಂಗುತ್ತಿದ್ದರು, ಎತ್ತುಗಳಿಗೂ ಕೊಡುತ್ತಿದ್ದರು. ದನ ಮತ್ತು ಮನುಷ್ಯರ ಮೂತ್ರದಿಂದ ಮಣ್ಣಿಗೆ, ಮಣ್ಣಿನಿಂದ ಬೇರಿಗೆ ಔಷಧ ಇಳಿದಿತ್ತು. ಕೊನೆಗೆ ಹೊಲದ ನೆಲವೇ ಸಾಕ್ಷಿ ಹೇಳಿತು. ಎಲ್ಲರೂ ಮಾಡುವ ಕೆಲಸವನ್ನು ವಿಶೇಷವೆಂದು ಯಾರು ಹೇಳುತ್ತಾರೆ?

ಅಷ್ಟು ದೂರದ ಈ ಕತೆಯಲ್ಲಿ ನಮ್ಮ ಕೈಯೂ ಇದೆ. ಪಶ್ಚಿಮ ಆಫ್ರಿಕಾದ ಪೇಟೆಗಳಿಗೆ ಟ್ರಮಡಾಲ್ ಹೇರಳವಾಗಿ ಹೋದದ್ದು ಭಾರತದಿಂದ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲ್ ಅನ್ನು ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೆ ತಂದಿತು. ಆ ಖಾಲಿ ಜಾಗಕ್ಕೆ ಟ್ಯಾಪೆಂಟಡಾಲ್ ಬಂದು ಕುಳಿತಿತು. 2025ರ ಫೆಬ್ರುವರಿಯಲ್ಲಿ ಬಿಬಿಸಿಯ ತನಿಖಾ ವರದಿಯೊಂದು, ಟ್ಯಾಪೆಂಟಡಾಲ್ ಜೊತೆಗೆ ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಗುಳಿಗೆಗಳು ಮುಂಬಯಿ ಕಂಪನಿಯೊಂದರಿಂದ ಘಾನಾ, ನೈಜೀರಿಯಾಗಳಿಗೆ ಹೋಗುತ್ತಿರುವುದನ್ನು ತೋರಿಸಿದ ಮೇಲೆ ಅದರ ರಫ್ತಿಗೆ ತಡೆ ಬಿತ್ತು. ಬೆಂಗಳೂರು ಸೇರಿ ನಮ್ಮ ರಾಜ್ಯದಲ್ಲೂ ಟ್ಯಾಪೆಂಟಡಾಲ್ ಅಕ್ರಮ ಮಾರಾಟದ ಪ್ರಕರಣಗಳು ಪೊಲೀಸರ ಕೈಗೆ ಸಿಕ್ಕಿವೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 2ಕ್ಕಿಂತ ಹೆಚ್ಚು ಜನ ಯಾವುದಾದರೊಂದು ಓಪಿಯಾಯ್ಡ್ ಬಳಸುತ್ತಾರೆ. ಔಷಧದ ರೂಪದ ಓಪಿಯಾಯ್ಡ್ ಬಳಸುವವರ ಸಂಖ್ಯೆ ಹೆರಾಯಿನ್ ಬಳಸುವವರ ಹತ್ತಿರಕ್ಕೆ ಬಂದಿದೆ.

'ಅದೆಲ್ಲ ಪಂಜಾಬಿನ ಕತಿ, ನಮ್ಮ ಕಡೆ ಇಲ್ಲ ಬಿಡ್ರಿ' ಎನ್ನುವವರಿದ್ದಾರೆ. ನಮಗೆ ಹೆಚ್ಚು ಹೆದರಿಕೆ ಇರುವುದು ಈ ಮಾತಿನ ಬಗ್ಗೆಯೇ. ಹೀಗೆ ಕಣ್ಣು ಮುಚ್ಚಿಕೊಂಡದ್ದು ಇದೇ ಮೊದಲಲ್ಲ. ನಮ್ಮ ವಿಜಯಪುರ ಜಿಲ್ಲೆ ಮುಂಬಯಿ ಆಡಳಿತದಲ್ಲಿದ್ದ ಕಾಲಕ್ಕೆ, ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ, ಮುಂಬಯಿ ಗಿರಣಿಗೆ ಹೋಗುವ ತಾಯಂದಿರು ಪಾಳಿ ಮುಗಿಯುವವರೆಗೆ ಅಳದಿರಲೆಂದು ಕೂಸುಗಳಿಗೆ ಅಫೀಮಿನ 'ಬಾಲಗೋಳಿ' ಕೊಟ್ಟು ಮಲಗಿಸುತ್ತಿದ್ದರು. ಅವರೇನು ಕ್ರೂರಿಗಳಲ್ಲ, ಗಿರಣಿಯಲ್ಲಿ ಕೂಸಿಗೆ ಜಾಗವಿರಲಿಲ್ಲ. ಆ ಕೂಸುಗಳು ಸೊರಗಿ ಸತ್ತರೆ ಅದನ್ನು ಹಣೆಬರಹ ಎನ್ನುತ್ತಿದ್ದರು. ಕೂಸಿಗೆ ಅಫೀಮು ತಿನ್ನಿಸಿದ್ದು ಗಿರಣಿಯ ಪಾಳಿ ಎಂದು ಹೇಳಲು ವೈದ್ಯರು ಬಂದು ಎಣಿಸಬೇಕಾಯಿತು.

ಹತ್ತಿರದ ನೆನಪೂ ಇದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು. ಕೂಲಿಕಾರನ ಸಂಜೆಯ ಸಾರಾಯಿ ಪಾಕೀಟು ಹೋಯಿತು, ಅದನ್ನು ಬೇಡಿದ ಮೈನೋವು ಹೋಗಲಿಲ್ಲ. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಗುಳಿಗೆಯ ಮೇಲೆ ನಾಲ್ಕು ದಾಳಿ ಮಾಡಿ ಕೈ ತೊಳೆದುಕೊಂಡರೆ ಆಗದು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗದೆ, ಅವರು ಅರಚುತ್ತ ಸಾಯಬೇಕಾದ ಕಾಲವೊಂದಿತ್ತು. ಅದನ್ನು ಸಡಿಲಿಸಲು 2014ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ನೋವು ಸುಳ್ಳಲ್ಲ. ಅದಕ್ಕೆ ಸರಿಯಾದ ದಾರಿ ಕೊಡದೆ ಇರುವ ದಾರಿ ಮುಚ್ಚಿದರೆ ಜನ ಕತ್ತಲ ದಾರಿ ಹಿಡಿಯುತ್ತಾರೆ.

ಈಗ ಚಿಹ್ನೆಗಳ ಮಾತು. ಓಪಿಯಾಯ್ಡ್ ರೂಢಿಯಾದವನಿಗೆ ಒಂದು ದಿನ ಗುಳಿಗೆ ತಪ್ಪಿದರೆ ಮೈಕೈ ಒಡೆಯುತ್ತದೆ, ಮೂಗು ಸೋರುತ್ತದೆ, ಆಕಳಿಕೆ, ಬೆವರು, ಹೊಟ್ಟೆ ನುಲಿತ. ಅವನು ಅದನ್ನು ದುಡಿಮೆಯ ನೋವೆಂದೇ ತಿಳಿಯುತ್ತಾನೆ. 'ಗುಳಗಿ ಇಲ್ಲಂದ್ರ ಮೈ ಏಳೂದಿಲ್ಲ ಕಾಕಾ' ಎಂದರೆ ಕಾಕಾನೂ ಹೌದೆಂದು ತಲೆಯಾಡಿಸುತ್ತಾನೆ. ಗುಳಿಗೆ ಹುಟ್ಟಿಸಿದ ನೋವಿಗೆ ಗುಳಿಗೆಯೇ ಮದ್ದಾಗುತ್ತದೆ. ತಿಂಗಳಾನುಗಟ್ಟಲೆ ಮಲಬದ್ಧತೆ, ಕಾರಣವಿಲ್ಲದ ತುರಿಕೆ, ನಡುಹಗಲಲ್ಲಿ ತೂಕಡಿಕೆ, ಮಬ್ಬು ಬೆಳಕಿನಲ್ಲೂ ಸಾಸಿವೆ ಕಾಳಿನಷ್ಟಾದ ಕಣ್ಣಗುಡ್ಡೆಯ ಕಪ್ಪು: ಇವು ಒಟ್ಟಿಗೆ ಕಂಡರೆ ಮನೆಯವರು ಎಚ್ಚರಾಗಬೇಕು.

ಹಂಗಾಮಿನ ಕೂಲಿಗೆ ಇನ್ನೊಂದು ಅಪಾಯವಿದೆ. ನಾಲ್ಕು ತಿಂಗಳು ಗ್ಯಾಂಗಿನಲ್ಲಿದ್ದಾಗ ದಿನಕ್ಕೆ ಆರು ಗುಳಿಗೆ ತಾಳುತ್ತಿದ್ದ ಮೈ, ಊರಿಗೆ ಬಂದು ಬಿಟ್ಟ ಮೇಲೆ ಆ ತಾಳಿಕೆಯನ್ನು ಕಳೆದುಕೊಳ್ಳುತ್ತದೆ. ಮರುವರ್ಷ ಗದ್ದೆಗೆ ಇಳಿದ ಮೊದಲ ವಾರ, ಮೈ ಪಳಗಿಲ್ಲವೆಂದು ಹಳೆಯ ಲೆಕ್ಕಕ್ಕೇ ಕೈ ಹಾಕಿದರೆ ಅದೇ ಆರು ಗುಳಿಗೆ ಜೀವ ತೆಗೆಯಬಲ್ಲದು. ಜೈಲಿನಿಂದ, ಚಿಕಿತ್ಸಾ ಕೇಂದ್ರದಿಂದ ಹೊರಬಂದ ಮೊದಲ ವಾರಗಳಲ್ಲಿ ಸಾವು ಹೆಚ್ಚೆಂದು ವೈದ್ಯರಿಗೆ ಗೊತ್ತು. ಹಂಗಾಮಿನ ಮೊದಲ ವಾರವೂ ಅಂಥದೇ.

ಸಾವು ಬರುವ ರೀತಿ ಇನ್ನೂ ಮೋಸದ್ದು. ದುಡಿದು ಬಂದವನು ಗುಡಿಸಲಲ್ಲಿ ಬಿದ್ದುಕೊಂಡು, ಗಂಟಲಲ್ಲಿ ನೀರು ಸಿಕ್ಕಂತೆ ಗೊರಕೆ ಹೊಡೆಯುತ್ತಾನೆ. 'ದಣದಾನ, ಮಲಗಲಿ' ಎಂದು ಜೊತೆಯವರು ದೀಪ ಆರಿಸುತ್ತಾರೆ. ಆ ಗೊರಕೆ ನಿದ್ದೆಯದಲ್ಲ, ಉಸಿರು ಸೋಲುತ್ತಿರುವುದರದು.

ಅಂಥವನನ್ನು ಅಲುಗಾಡಿಸಿ, ಹೆಸರು ಹಿಡಿದು ಕೂಗಿ. ಏಳದಿದ್ದರೆ, ತುಟಿ ನೀಲಿಯಾಗಿದ್ದರೆ, ಕೂಡಲೇ 108ಕ್ಕೆ ಕರೆ ಮಾಡಿ. ಉಸಿರಿದ್ದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ. ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಲಿಂಬೆರಸ, ಮಜ್ಜಿಗೆ ಹೊಯ್ಯಬೇಡಿ. ಅದು ಉಸಿರಿನ ಕೊಳವೆಗೆ ಇಳಿಯುತ್ತದೆ. ಏನು ನುಂಗಿದ್ದನೆಂದು ಮುಚ್ಚಿಡದೆ, ಉಳಿದ ಗುಳಿಗೆ ಹಾಳೆಯನ್ನು ವೈದ್ಯರ ಕೈಗೆ ಕೊಡಿ. ನಲೋಕ್ಸೋನ್ ಎಂಬ ಚುಚ್ಚುಮದ್ದು ನಿಮಿಷಗಳಲ್ಲಿ ಉಸಿರನ್ನು ಮರಳಿ ತರುತ್ತದೆ. ಅದರ ಶಕ್ತಿ ಬೇಗ ಇಳಿಯುವುದರಿಂದ, ಎದ್ದು ಕೂತನೆಂದು ಮನೆಗೆ ಕರೆತರಬಾರದು.

ಆ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ಇಂದು ಇದೆಯೇ, ಹೆದ್ದಾರಿಯ ಆಂಬುಲೆನ್ಸಿನಲ್ಲಿ ಇದೆಯೇ? ಜನಪ್ರತಿನಿಧಿಗಳು ಹೋಗಿ ಕಪಾಟು ತೆಗೆಸಿ ನೋಡಲಿ.

ಮರಣ ನೋಂದಣಿಯ ನಮೂನೆಯಲ್ಲಿ ಮೃತರ ವೃತ್ತಿಗೆ ಒಂದು ಜಾಗವಿದೆ. ಅಲ್ಲಿ 'ಕೂಲಿ' ಎಂದಷ್ಟೇ ಬರೆದು ಮುಗಿಸುವುದನ್ನು ಪಂಚಾಯಿತಿಗಳು ಬಿಡಬೇಕು. ಕಬ್ಬಿನದೋ, ಹಮಾಲಿಯೋ, ಕಟ್ಟಡದ್ದೋ, ಲಾರಿಯದೋ ಎಂದು ಬರೆಯಬೇಕು. ಮಸಾಚುಸೆಟ್ಸ್‌ಗೆ ಸತ್ಯ ಗೊತ್ತಾದದ್ದು ಆ ಒಂದು ಕಾಲಮ್ಮಿನಿಂದ.

ರೂಢಿ ಅಂಟಿದವನನ್ನು ಬೈದು ಫಲವಿಲ್ಲ, ಒಮ್ಮೆಲೇ ಬಿಡಿಸುವುದೂ ಸುಲಭವಲ್ಲ. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ನಶಾಮುಕ್ತಿ ಸಹಾಯವಾಣಿ 14446, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇವೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ಇದಕ್ಕೆ ಚಿಕಿತ್ಸೆಯಿದೆ, ಮದ್ದೂ ಇದೆ.

ಔಷಧ ಅಂಗಡಿಯವರಲ್ಲಿ ಒಂದೇ ಕೋರಿಕೆ: ಹೆಸರಿರುವ ತುಂಡನ್ನೇ ಕೊಡಿ, ಚೀಟಿ ಇಲ್ಲದವನಿಗೆ ಜೋರಿನದು ಕೊಡಬೇಡಿ.

ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವುದು ಅಕ್ಟೋಬರ್, ನವೆಂಬರಿನಲ್ಲಿ. ಗ್ಯಾಂಗುಗಳಿಗೆ ಮುಂಗಡ ಸಿಗುವುದು ಅದಕ್ಕೂ ಮೊದಲು. ಗಾಯಗೊಂಡವನಿಗೆ ಕೂಲಿ ಕಡಿಯದ ಕೆಲವು ದಿನದ ರಜೆ, ಗದ್ದೆಗೆ ವಾರಕ್ಕೊಮ್ಮೆ ಬರುವ ವೈದ್ಯರು, ಮುಕಾದಮನ ಚೀಲದಿಂದ ಗುಳಿಗೆ ಹಂಚಕೂಡದೆಂಬ ಷರತ್ತು. ಇಷ್ಟನ್ನು ಕರಾರಿನಲ್ಲಿ ಬರೆಸುವ ಅವಕಾಶ ಮುಂಗಡದ ದುಡ್ಡು ಎಣಿಸುವ ದಿನದವರೆಗೆ ಮಾತ್ರ ಇದೆ.